ಮುತವಲ್ಲಿಯ ಲೆಕ್ಕ: ‘ಕರಿ ನಾಗರಗಳು’ ಕತೆಯ ಮರು ಓದು

ಬಾನು ಮುಷ್ತಾಕ್ ಅವರ ಹನ್ನೆರಡು ಕತೆಗಳು ದೀಪಾ ಭಾಸ್ತಿ ಅವರ ಅನುವಾದದಲ್ಲಿ ‘ಹಾರ್ಟ್ ಲ್ಯಾಂಪ್’ ಆಗಿ ಬಂದು 2025ರ ಮೇ ತಿಂಗಳಲ್ಲಿ ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿ ಪಡೆದಾಗ ಕನ್ನಡಿಗರು ಹಿಗ್ಗಿದರು. ನಾವೂ ಹಿಗ್ಗಿದೆವು. ಕನ್ನಡಕ್ಕೆ ಮೊದಲ ಬಾರಿಗೆ ಸಂದ ಈ ಗೌರವ ಒಬ್ಬ ಮುಸ್ಲಿಂ ಲೇಖಕಿಯ ಮೂಲಕ ಬಂದಿತೆಂಬುದು ನಮ್ಮ ಸಂತೋಷವನ್ನು ಇಮ್ಮಡಿಗೊಳಿಸಿತು. ಆದರೆ ಆ ಸಂಭ್ರಮದ ದಿನಗಳಲ್ಲಿ ಒಂದು ಹಳೆಯ ಸಂಗತಿ ನಮ್ಮನ್ನು ಕಾಡದೆ ಇರಲಿಲ್ಲ. 2000ನೇ ಇಸವಿಯಲ್ಲಿ, ಮಹಿಳೆಯರಿಗೂ ಮಸೀದಿಗೆ ಹೋಗುವ ಹಕ್ಕಿದೆ ಎಂದು ಹೇಳಿದ್ದಕ್ಕಾಗಿ ಇದೇ ಲೇಖಕಿಯೂ ಅವರ ಕುಟುಂಬದವರೂ ಸಾಮಾಜಿಕ ಬಹಿಷ್ಕಾರ ಅನುಭವಿಸಬೇಕಾಯಿತು. ಅಂದು ಬಾಗಿಲು ಮುಚ್ಚಿದವರೂ ನಮ್ಮವರೇ, ಇಂದು ಹಾರ ಹಾಕಿದವರೂ ನಮ್ಮವರೇ. ನಡುವಿನ ಇಪ್ಪತ್ತೈದು ವರ್ಷಗಳಲ್ಲಿ ನಾವು ಆ ಕತೆಗಳನ್ನು ಓದಿದೆವೇ?

ಓದಿದ್ದರೆ ‘ಕರಿ ನಾಗರಗಳು’ ನಮ್ಮ ನಿದ್ದೆ ಕೆಡಿಸಬೇಕಿತ್ತು. ಕತೆ ಬಹಳ ಜನರಿಗೆ ಗೊತ್ತಿರುವಂಥದೇ. ಆಶ್ರಫ್ ಎಂಬ ಬಡ ಹೆಂಗಸು ಮೂರು ಹೆಣ್ಣುಮಕ್ಕಳನ್ನು ಹೆತ್ತಿದ್ದಾಳೆ. ಗಂಡುಮಗು ಹೆರಲಿಲ್ಲವೆಂದು ಆಟೋ ಓಡಿಸುವ ಗಂಡ ಯಾಕೂಬ್ ಅವಳನ್ನು ಬಿಟ್ಟುಹೋಗಿದ್ದಾನೆ. ಹೊಟ್ಟೆಗಿಲ್ಲ, ಕೈಕೂಸಿಗೆ ಕಾಯಿಲೆ, ಔಷಧಿಗೆ ಕಾಸಿಲ್ಲ. ಆಕೆ ಜಮಾಅತ್‌ನ ಮುತವಲ್ಲಿಯ ಬಳಿ ನ್ಯಾಯ ಕೇಳುತ್ತಾಳೆ. ನ್ಯಾಯ ಸಿಗುವುದಿಲ್ಲ. ಧರ್ಮದ ವಿಚಾರ ಓದಿ ತಿಳಿದ ಜುಲೇಖಾ ಬೇಗಂ ಎಂಬ ಹೆಂಗಸು, ಇದು ಭಿಕ್ಷೆಯಲ್ಲ, ನಿನ್ನ ಹಕ್ಕು ಎಂದು ಅವಳಿಗೆ ಮನಗಾಣಿಸುತ್ತಾಳೆ. ಆಶ್ರಫ್ ಮಕ್ಕಳನ್ನು ಕಟ್ಟಿಕೊಂಡು ಬಂದು ಮಸೀದಿಯಲ್ಲಿ ಕೂರುತ್ತಾಳೆ. ಆ ಕಾಯುವಿಕೆಯ ಕೊನೆಯಲ್ಲಿ ಕೂಸು ಉಳಿಯುವುದಿಲ್ಲ. ಕೇರಿಯ ಹೆಂಗಸರು ಮುತವಲ್ಲಿಗೆ ಹಿಡಿಶಾಪ ಹಾಕುತ್ತಾರೆ. ಮನೆಗೆ ಬಂದರೆ ಅವನ ಹೆಂಡತಿಯೇ, ಅವನು ಅಲ್ಲಿಯವರೆಗೆ ಬೇಡವೆಂದು ತಡೆದಿದ್ದ ಸಂತಾನಹರಣದ ಆಪರೇಷನ್ ಮಾಡಿಸಿಕೊಳ್ಳಲು ಹೊರಟು ನಿಂತಿದ್ದಾಳೆ.

ಈ ಕತೆಯನ್ನು ಗಂಡಸಿನ ಕ್ರೌರ್ಯ ಮತ್ತು ಹೆಣ್ಣಿನ ಸಂಕಟದ ಕತೆಯಾಗಿ ಓದುವುದು ರೂಢಿ. ಆ ಓದು ಸುಳ್ಳಲ್ಲ. ಆದರೆ ಅದು ಅರ್ಧ ಮಾತ್ರ ಎಂದು ನಮಗೆ ತೋರುತ್ತದೆ. ಯಾಕೂಬ್ ಕ್ರೂರಿ, ನಿಜ. ಅವನಂಥವರು ಎಲ್ಲ ಕೇರಿಗಳಲ್ಲೂ, ಎಲ್ಲ ಧರ್ಮಗಳಲ್ಲೂ ಇದ್ದಾರೆ. ಬಾನು ಅವರ ಗಮನ ಅವನ ಮೇಲೆ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಹೆಂಗಸರ ಶಾಪ ತಟ್ಟುವುದೂ ಗಂಡನಿಗಿಂತ ಹೆಚ್ಚಾಗಿ ಮುತವಲ್ಲಿಗೆ. ತಪ್ಪು ಮಾಡಿದವನಿಗಿಂತ, ತಪ್ಪನ್ನು ತಡೆಯಬೇಕಾದ ಜಾಗದಲ್ಲಿ ಕುಳಿತವನನ್ನು ಕತೆ ಹೆಚ್ಚು ಕಟುವಾಗಿ ವಿಚಾರಿಸುತ್ತದೆ. ಹಾಗಾಗಿ ‘ಕರಿ ನಾಗರಗಳು’ ಮೊದಲಿಗೆ ಒಂದು ಸಮುದಾಯದ ನಾಯಕತ್ವವನ್ನು ಕುರಿತ ಕತೆ. ಅಧಿಕಾರ ಎಲ್ಲಿಂದ ಬರುತ್ತದೆ, ಅದನ್ನು ಹಿಡಿದವನು ಯಾರಿಗೆ ಉತ್ತರ ಕೊಡಬೇಕು ಎಂಬ ಪ್ರಶ್ನೆ ಅದರ ಕೇಂದ್ರದಲ್ಲಿದೆ.

ಈ ಮುತವಲ್ಲಿ ಮಾಡಿದ ಅಪರಾಧವಾದರೂ ಏನು? ಅವನು ಆಶ್ರಫ್‌ಳನ್ನು ಹೊಡೆದವನಲ್ಲ, ಮನೆಯಿಂದ ಹೊರಹಾಕಿದವನೂ ಅಲ್ಲ. ಅವನ ಅಪರಾಧ ಉತ್ತರ ಕೊಡದೇ ಇದ್ದದ್ದು. ನೋಡೋಣ, ವಿಚಾರಿಸೋಣ, ಅವನೂ ಬರಲಿ, ಈ ಜುಮ್ಮಾ ಕಳೆಯಲಿ ಎಂಬ ಮಾತುಗಳನ್ನು ಇಂಥ ಕುರ್ಚಿಗಳ ಮುಂದೆ ನಿಂತವರೆಲ್ಲ ಕೇಳಿದ್ದಾರೆ. ಮುಂದಕ್ಕೆ ಹಾಕುವವನಿಗೆ ತಾನು ಅನ್ಯಾಯ ಮಾಡುತ್ತಿದ್ದೇನೆ ಎನ್ನಿಸುವುದಿಲ್ಲ. ಅದೊಂದು ವ್ಯವಧಾನ, ತಾಳ್ಮೆ ಎಂದೇ ಅವನಿಗೆ ತೋರುತ್ತದೆ. ಆದರೆ ಉಪವಾಸ ಬಿದ್ದಿರುವ ತಾಯಿಗೂ ಜ್ವರದಲ್ಲಿ ಬೇಯುತ್ತಿರುವ ಕೂಸಿಗೂ ಒಂದು ವಾರವೆಂದರೆ ಏನು ಎಂಬುದು ಅವನ ಲೆಕ್ಕದಲ್ಲಿ ಬರುವುದಿಲ್ಲ. ಕತೆಯಲ್ಲಿ ಮಗುವಿನ ಸಾವು ಓದುಗರನ್ನು ಅಳಿಸಲೆಂದು ತಂದ ತಂತ್ರವಲ್ಲ. ಮುಂದೂಡಿಕೆಯ ನಿಜವಾದ ಬೆಲೆ ಎಷ್ಟು, ಅದನ್ನು ತೆರುವವರು ಯಾರು ಎಂದು ಅದು ತೋರಿಸುತ್ತದೆ.

ಇಲ್ಲಿ ಮುತವಲ್ಲಿ ಎಂದರೆ ಯಾರು ಎಂಬುದನ್ನು ತುಸು ವಿವರವಾಗಿ ನೋಡಬೇಕು. ಅವನು ಮಸೀದಿಯ ಮಾಲೀಕನಲ್ಲ. ದೇವರ ಹೆಸರಿಗೆ ಬಿಟ್ಟ ಆಸ್ತಿಯನ್ನು ನೋಡಿಕೊಳ್ಳುವ ಅಮಾನತುದಾರ ಮಾತ್ರ. 1995ರ ವಕ್ಫ್ ಕಾಯಿದೆಯ 46ನೇ ಕಲಮಿನ ಪ್ರಕಾರ ಅವನು ವರ್ಷವರ್ಷವೂ ವಕ್ಫ್ ಮಂಡಳಿಗೆ ಲೆಕ್ಕಪತ್ರ ಒಪ್ಪಿಸಬೇಕು. ಲೆಕ್ಕ ಇಡದವನನ್ನು, ಹಣ ದುರುಪಯೋಗ ಮಾಡಿದವನನ್ನು 64ನೇ ಕಲಮಿನಂತೆ ಮಂಡಳಿ ತೆಗೆದುಹಾಕಬಹುದು. ಇದೆಲ್ಲ ಕಾಗದದ ಮೇಲಾದರೂ ಇದೆ. ಆದರೆ ಗಂಡ ಹೆಂಡಿರ ವ್ಯಾಜ್ಯ ತೀರಿಸುವ ಅಧಿಕಾರವನ್ನು ಆ ಕಾಯಿದೆ ಅವನಿಗೆ ಕೊಟ್ಟಿಲ್ಲ. ದಾರುಲ್ ಕಝಾಗಳ ತೀರ್ಮಾನಕ್ಕಾಗಲಿ ಫತ್ವಾಗಳಿಗಾಗಲಿ ಕಾನೂನಿನ ಬಲವಿಲ್ಲ ಎಂದು ಸುಪ್ರೀಂ ಕೋರ್ಟ್ 2014ರಲ್ಲಿ ಸ್ಪಷ್ಟವಾಗಿ ಹೇಳಿತು. ಹಾಗಿದ್ದೂ ಊರಿನಲ್ಲಿ ಮುತವಲ್ಲಿಯ ಒಂದು ಮಾತಿನಿಂದ ಸಂಸಾರ ನಿಲ್ಲುವುದುಂಟು, ಮುರಿಯುವುದುಂಟು.

ಕತೆಯ ಒಳಸೂಕ್ಷ್ಮ ಇಲ್ಲಿದೆ ಎಂದು ನಾವು ಭಾವಿಸುತ್ತೇವೆ. ಮುತವಲ್ಲಿಗೆ ಬರಹದಲ್ಲಿ ಕೊಟ್ಟ ಅಧಿಕಾರ ಬೇರೆ, ಅವನು ದಿನನಿತ್ಯ ಚಲಾಯಿಸುವ ಅಧಿಕಾರ ಬೇರೆ. ಮೊದಲನೆಯದಕ್ಕೆ ರಶೀದಿ ಪುಸ್ತಕವಿದೆ, ಆಡಿಟ್ ಇದೆ, ತೆಗೆದುಹಾಕುವ ಕಲಮಿದೆ. ಎರಡನೆಯದು ಜನರ ನಂಬಿಕೆಯಿಂದ, ರೂಢಿಯಿಂದ, ಭಯದಿಂದ ಹುಟ್ಟಿದ್ದು. ಅದಕ್ಕೆ ಯಾವ ಪುಸ್ತಕವೂ ಇಲ್ಲ. ಮಸೀದಿಯ ಅಂಗಡಿ ಬಾಡಿಗೆಯಲ್ಲಿ ಐನೂರು ರೂಪಾಯಿ ಕಡಿಮೆ ಬಂದರೆ ಮಹಾಸಭೆಯಲ್ಲಿ ಎದ್ದು ಕೇಳುವವರು ಇರುತ್ತಾರೆ. ಕಳೆದ ವರ್ಷ ಎಷ್ಟು ಹೆಂಗಸರು ದೂರು ತಂದರು, ಎಷ್ಟು ಜನರಿಗೆ ಉತ್ತರ ಸಿಕ್ಕಿತು, ಎಷ್ಟು ಜನ ಸುಮ್ಮನೆ ಹಿಂದಿರುಗಿದರು ಎಂದು ಕೇಳುವವರು ಇರುವುದಿಲ್ಲ. ಹಣಕ್ಕೆ ಲೆಕ್ಕವಿದೆ, ಮಾತಿಗೂ ಮೌನಕ್ಕೂ ಲೆಕ್ಕವಿಲ್ಲ. ಆಶ್ರಫ್ ಬಲಿಯಾಗುವುದು ಈ ಲೆಕ್ಕವಿಲ್ಲದ ಅಧಿಕಾರಕ್ಕೆ.

ಅವಳು ಕೋರ್ಟಿಗೆ ಹೋಗಬಹುದಿತ್ತಲ್ಲ ಎಂದು ಕೇಳುವವರಿದ್ದಾರೆ. ಹೋಗಬಹುದಿತ್ತು. ಬಿಟ್ಟುಹೋದ ಗಂಡನಿಂದ ತನಗೂ ಮಕ್ಕಳಿಗೂ ಜೀವನಾಂಶ ಕೇಳುವ ಹಕ್ಕು ಈ ದೇಶದಲ್ಲಿ ಯಾವ ಧರ್ಮದ ಹೆಂಡತಿಗೂ ಇದೆ. ಬಾನು ಸ್ವತಃ ವಕೀಲೆ. ಅವರಿಗೆ ಇದು ಗೊತ್ತಿಲ್ಲದ ಸಂಗತಿಯಲ್ಲ. ಆದರೆ ವಕೀಲರ ಫೀಸು, ಬಸ್ಸಿನ ಖರ್ಚು, ತಿಂಗಳುಗಟ್ಟಲೆ ಬೀಳುವ ವಾಯಿದೆಗಳು, ಕಂಕುಳಲ್ಲಿ ಕಾಯಿಲೆಯ ಕೂಸು. ಮಸೀದಿ ಮಾತ್ರ ಹತ್ತಿರದಲ್ಲಿದೆ. ಅಲ್ಲಿ ಕೂತಿರುವವರು ತನ್ನವರು ಎಂಬ ನಂಬಿಕೆಯಿದೆ. ಜಮಾಅತ್‌ಗಳ ಅಧಿಕಾರ ನಿಂತಿರುವುದು ಬಡವರ ಈ ನಂಬಿಕೆಯ ಮೇಲೆ. ಆದ್ದರಿಂದ ಅವಳನ್ನು ಬರಿಗೈಯಲ್ಲಿ ಕಳಿಸಿದಾಗ ನಡೆಯುವುದು ಬರೀ ಅನ್ಯಾಯವಲ್ಲ, ವಿಶ್ವಾಸದ್ರೋಹ. ಬೇಲಿಯೇ ಎದ್ದು ಹೊಲ ಮೇಯುವ ಮಾತು ಇಂಥ ಸಂದರ್ಭಕ್ಕೇ ಹುಟ್ಟಿರಬೇಕು.

ಬಾನು ಅವರು ಸಮುದಾಯವನ್ನು ಹೊರಗಿನ ಮಾನದಂಡದಿಂದ ಅಳೆಯುತ್ತಾರೆ ಎಂಬ ಆಕ್ಷೇಪಣೆ ನಮ್ಮಲ್ಲಿ ಹಳೆಯದು. ‘ಕರಿ ನಾಗರಗಳು’ ಈ ಆಕ್ಷೇಪಣೆಗೆ ತಾನೇ ಉತ್ತರ ಕೊಡುತ್ತದೆ. ಆಶ್ರಫ್‌ಳ ಕೈಗೆ ಜುಲೇಖಾ ಬೇಗಂ ಕೊಡುವುದು ಸಂವಿಧಾನದ ಪುಸ್ತಕವನ್ನಲ್ಲ, ಶರೀಅತ್ತಿನ ತಿಳಿವಳಿಕೆಯನ್ನು. ಮುತವಲ್ಲಿ ಯಾವ ಹೆಸರಿನಲ್ಲಿ ಕುರ್ಚಿಯಲ್ಲಿ ಕುಳಿತಿದ್ದಾನೋ ಅದೇ ಹೆಸರಿನಲ್ಲಿ ಅವನನ್ನು ಪ್ರಶ್ನಿಸಲಾಗುತ್ತದೆ.

ಈ ಅಳತೆಗೋಲು ನಮ್ಮ ಪರಂಪರೆಯಲ್ಲಿ ಎಷ್ಟು ಗಟ್ಟಿಯಾಗಿದೆ ಎಂಬುದನ್ನು ನೆನೆಯೋಣ. ಕುರ್‌ಆನಿನ 58ನೇ ಅಧ್ಯಾಯಕ್ಕೆ ‘ಅಲ್ ಮುಜಾದಿಲ’ ಎಂದು ಹೆಸರು. ವಾದಿಸುವ ಹೆಣ್ಣು ಎಂದು ಅದರ ಅರ್ಥ. ಆ ಹೆಣ್ಣು ಖೌಲಾ ಬಿಂತ್ ಸಅ್‌ಲಬ(ರ). ಗಂಡ ಒಂದು ಅಜ್ಞಾನ ಕಾಲದ ಮಾತನ್ನಾಡಿ ತನ್ನನ್ನು ಅತಂತ್ರಳನ್ನಾಗಿ ಮಾಡಿದನೆಂದು ಆಕೆ ಪ್ರವಾದಿ(ಸ)ಯವರ ಮುಂದೆ ದೂರು ತಂದರು. ಮೊದಲಿಗೆ ಅನುಕೂಲವಾದ ಉತ್ತರ ಸಿಗದಿದ್ದಾಗ ಆಕೆ ಎದ್ದುಹೋಗಲಿಲ್ಲ. ಮತ್ತೆ ಮತ್ತೆ ವಾದಿಸಿದರು. ಅಲ್ಲಾಹನು ಆಕೆಯ ಮೊರೆ ಕೇಳಿಸಿಕೊಂಡನು ಎಂಬ ಮಾತಿನಿಂದಲೇ ಆ ಅಧ್ಯಾಯ ಆರಂಭವಾಗುತ್ತದೆ, ಆ ಪದ್ಧತಿಗೆ ತಡೆ ಬೀಳುತ್ತದೆ. ಮುಂದೆ ಹಝ್ರತ್ ಉಮರ್(ರ) ಖಲೀಫರಾಗಿದ್ದಾಗ ಮುದುಕಿಯಾಗಿದ್ದ ಖೌಲಾ ಅವರನ್ನು ದಾರಿಯಲ್ಲಿ ತಡೆದು ನಿಲ್ಲಿಸಿ ಬುದ್ಧಿ ಹೇಳಿದರೆಂದೂ, ಜೊತೆಯಲ್ಲಿದ್ದವರು ಬೇಸರಿಸಿದಾಗ, ಅಲ್ಲಾಹನೇ ಕೇಳಿಸಿಕೊಂಡವರ ಮಾತನ್ನು ತಾನು ಕೇಳದಿರುವುದು ಹೇಗೆ ಎಂದು ಉಮರ್ ಉತ್ತರಿಸಿದರೆಂದೂ ಹೇಳಲಾಗುತ್ತದೆ. ಗಂಡನ ವಿರುದ್ಧ ದೂರು ತಂದ ಒಬ್ಬ ಹೆಣ್ಣಿನ ನೆನಪಿನಲ್ಲಿ ಒಂದು ಇಡೀ ಅಧ್ಯಾಯವಿರುವ ಗ್ರಂಥವನ್ನು ಓದುವ ಸಮುದಾಯ ನಮ್ಮದು. ಅಂಥ ಸಮುದಾಯದ ಮಸೀದಿಯಲ್ಲಿ ಆಶ್ರಫ್ ಕೂತಿದ್ದಾಳೆ, ಕೇಳಿಸಿಕೊಳ್ಳುವವರಿಲ್ಲ.

ಹಝ್ರತ್ ಅಬೂಬಕರ್(ರ) ಖಲೀಫರಾದಾಗ ಮಾಡಿದ ಮೊದಲ ಭಾಷಣವನ್ನೂ ನಮ್ಮ ವೇದಿಕೆಗಳಲ್ಲಿ ಆಗಾಗ ಉದ್ಧರಿಸುತ್ತೇವೆ. ತಾನು ಸರಿದಾರಿಯಲ್ಲಿದ್ದರೆ ನೆರವಾಗಿ, ತಪ್ಪಿದರೆ ತಿದ್ದಿ ಎಂದೂ, ದುರ್ಬಲನಿಗೆ ಅವನ ಹಕ್ಕು ಕೊಡಿಸುವವರೆಗೆ ಅವನೇ ತನ್ನ ಪಾಲಿಗೆ ಬಲಶಾಲಿ ಎಂದೂ ಅವರು ಹೇಳಿದ್ದರು. ಇದನ್ನು ನಾವು ಇತಿಹಾಸದ ಹೆಮ್ಮೆಯಾಗಿ ಹೇಳಿಕೊಳ್ಳುತ್ತೇವೆಯೇ ಹೊರತು ನಮ್ಮ ಕಮಿಟಿಗಳ ನಿಯಮವಾಗಿ ಓದುವುದಿಲ್ಲ. ತಿದ್ದಿ ಎಂದು ಕೇಳುವ ಅಧ್ಯಕ್ಷರು ಎಷ್ಟು ಜನ? ತಿದ್ದಿದವನನ್ನು ಮುಂದಿನ ಸಭೆಗೂ ಕರೆಯುವ ಅಧ್ಯಕ್ಷರು ಎಷ್ಟು ಜನ?

ಬಾನು ಅವರ ಇನ್ನೊಂದು ಕತೆ ‘ಬೆಂಕಿ ಮಳೆ’ಯಲ್ಲೂ ಒಬ್ಬ ಮುತವಲ್ಲಿ ಇದ್ದಾನೆ. ಎರಡನ್ನೂ ಜೊತೆಗಿಟ್ಟು ಓದಬೇಕು. ಅಲ್ಲಿ ಅವನ ತಂಗಿ ತಂದೆಯ ಆಸ್ತಿಯಲ್ಲಿ ತನ್ನ ಪಾಲು ಕೇಳುತ್ತಾಳೆ. ಹೆಣ್ಣುಮಗಳಿಗೆ ಪಾಲುಂಟು ಎಂಬುದು ಧರ್ಮದ ಸ್ಪಷ್ಟ ಆದೇಶ, ಜಾರಿಕೊಳ್ಳಲು ಎಡೆಯಿಲ್ಲ. ಅಷ್ಟರಲ್ಲಿ ಮುಸ್ಲಿಮನೊಬ್ಬನ ಶವವನ್ನು ಹಿಂದೂಗಳ ಸ್ಮಶಾನದಲ್ಲಿ ಹೂಳಲಾಗಿದೆ ಎಂಬ ಸುದ್ದಿ ಬರುತ್ತದೆ. ಮುತವಲ್ಲಿ ಅದರ ಮುಂದಾಳತ್ವ ವಹಿಸುತ್ತಾನೆ. ಓಡಾಟವೇನು, ಅರ್ಜಿಗಳೇನು, ಜನಸಂದಣಿಯೇನು! ಆ ಗದ್ದಲದಲ್ಲಿ ತಂಗಿಯ ಪಾಲಿನ ಮಾತು ಹಿಂದಕ್ಕೆ ಸರಿಯುತ್ತದೆ. ಸತ್ತವನ ಮಾನಕ್ಕಾಗಿ ಊರನ್ನೇ ಕೂಡಿಸಬಲ್ಲ ನಾಯಕನಿಗೆ ಬದುಕಿರುವ ತಂಗಿಗೆ ಕೊಡಬೇಕಾದ್ದನ್ನು ಕೊಡಲು ಆಗುವುದಿಲ್ಲ. ಒಂದು ಕತೆಯಲ್ಲಿ ಮುಂದೂಡಿಕೆ, ಇನ್ನೊಂದರಲ್ಲಿ ಗದ್ದಲ. ಉತ್ತರದಾಯಿತ್ವದಿಂದ ನುಣುಚಿಕೊಳ್ಳಲು ಯಾವುದೇ ನಾಯಕನಿಗೆ ಈ ಎರಡು ದಾರಿಗಳು ಸಾಕು. ಮಸೀದಿಯ ಕಮಿಟಿಗೆ ಮಾತ್ರ ಸಲ್ಲುವ ಮಾತಲ್ಲ ಇದು. ಮಠ, ಸಹಕಾರ ಸಂಘ, ರಾಜಕೀಯ ಪಕ್ಷ, ಯಾವುದನ್ನು ಬೇಕಾದರೂ ಇಲ್ಲಿಟ್ಟು ನೋಡಬಹುದು.

ಈ ಮುತವಲ್ಲಿಗಳಿಗಿಂತ ಮೊದಲು ನಮ್ಮ ಸಾಹಿತ್ಯದಲ್ಲಿ ಸಾರಾ ಅಬೂಬಕ್ಕರ್ ಅವರ ‘ಚಂದ್ರಗಿರಿಯ ತೀರದಲ್ಲಿ’ ಬಂದಿತ್ತು. ಅಲ್ಲಿ ನಾದಿರಾಳ ಬದುಕನ್ನು ಒಡೆಯುವುದು ಅಪ್ಪನ ಹಠ. ರೂಢಿ ಅದರ ಬೆನ್ನಿಗೆ ನಿಲ್ಲುತ್ತದೆ. ಕೊನೆಗೆ ಅವಳು ಜೀವ ಬಿಡುವುದು ಮಸೀದಿಯ ಕೊಳದಲ್ಲಿ. ಆ ಕಾದಂಬರಿಯಲ್ಲಿ ಸಂಸ್ಥೆ ಹಿನ್ನೆಲೆಯಲ್ಲಿದೆ, ಅಪ್ಪ ಮುಂದಿದ್ದಾನೆ. ಬಾನು ಅವರಲ್ಲಿ ಸಂಸ್ಥೆಯೇ ಮುಂದಕ್ಕೆ ಬಂದು ಒಬ್ಬ ಮನುಷ್ಯನ ಮುಖ ಪಡೆಯುತ್ತದೆ. ನಾದಿರಾ ಸಾಯಲೆಂದು ಮಸೀದಿಯ ಬಳಿಗೆ ಹೋದಳು, ಆಶ್ರಫ್ ಕೇಳಲೆಂದು ಹೋದಳು. ಈ ಎರಡು ಕೃತಿಗಳ ನಡುವೆ ನಮ್ಮ ಹೆಣ್ಣುಮಕ್ಕಳು ನಡೆದ ದೂರವೆಷ್ಟು ಎಂಬುದಕ್ಕೆ ಇದೊಂದು ಸಾಕ್ಷಿ.

ಗಿರೀಶ್ ಕಾಸರವಳ್ಳಿ ಅವರು ಈ ಕತೆಯನ್ನು ಆಧರಿಸಿ 2004ರಲ್ಲಿ ‘ಹಸೀನಾ’ ಚಿತ್ರ ಮಾಡಿದರು. ನಟಿ ತಾರಾ ಅವರಿಗೆ ಶ್ರೇಷ್ಠ ನಟಿ ರಾಷ್ಟ್ರಪ್ರಶಸ್ತಿ ಬಂದಿತು. ಚಿತ್ರಕ್ಕೆ ಕುಟುಂಬ ಕಲ್ಯಾಣವನ್ನು ಕುರಿತ ಅತ್ಯುತ್ತಮ ಚಿತ್ರವೆಂಬ ರಾಷ್ಟ್ರಪ್ರಶಸ್ತಿಯೂ ಸಿಕ್ಕಿತು. ಪ್ರಶಸ್ತಿ ಸಂದದ್ದು ಸಂತೋಷವೇ. ಆದರೆ ಆ ವಿಭಾಗದ ಹೆಸರು ನಮ್ಮನ್ನು ಯೋಚನೆಗೆ ಹಚ್ಚುತ್ತದೆ. ಮಸೀದಿಯಲ್ಲಿ, ಎಲ್ಲರ ಕಣ್ಣೆದುರು, ಒಂದು ಸಾರ್ವಜನಿಕ ಸ್ಥಾನದಲ್ಲಿ ಕುಳಿತವನ ಕರ್ತವ್ಯವನ್ನು ಪ್ರಶ್ನಿಸುವ ಹೆಣ್ಣಿನ ಕತೆ ಕುಟುಂಬದ ಖಾತೆಗೆ ಹೋಯಿತು. ಸರಕಾರ ಹೀಗೆ ವಿಂಗಡಿಸಿತು ಎಂದು ದೂರಿ ಪ್ರಯೋಜನವಿಲ್ಲ. ನಮ್ಮ ಜಮಾಅತ್‌ಗಳೂ ಇದನ್ನೇ ಮಾಡುತ್ತವೆ. ಮನೆಯ ಜಗಳ ಮನೆಯಲ್ಲೇ ತೀರಲಿ ಎನ್ನುವವರು, ಆ ಜಗಳದ ಮೇಲೆ ತಮಗಿರುವ ಹಿಡಿತವನ್ನು ಮಾತ್ರ ಬಿಟ್ಟುಕೊಡುವುದಿಲ್ಲ.

ಇಷ್ಟು ಮೆಚ್ಚಿದ ಮೇಲೆ ಕತೆಯ ಬಗ್ಗೆ ನಮಗಿರುವ ಒಂದು ಅತೃಪ್ತಿಯನ್ನೂ ಹೇಳಬೇಕು. ಮುತವಲ್ಲಿಗೆ ಸಿಗುವ ಶಿಕ್ಷೆ ಎರಡು ಬಗೆಯದು. ಬೀದಿಯಲ್ಲಿ ಶಾಪ, ಮನೆಯಲ್ಲಿ ಹೆಂಡತಿಯ ಅವಿಧೇಯತೆ. ಎರಡೂ ಬಲವಾದ ಚಿತ್ರಗಳು. ಅದರಲ್ಲೂ ಹೆಂಡತಿ ತನ್ನ ದೇಹದ ಬಗ್ಗೆ ತಾನೇ ನಿರ್ಧಾರ ಮಾಡಿ ಹೊಸ್ತಿಲು ದಾಟುವುದು, ಅವನ ಅಧಿಕಾರ ಎಲ್ಲಿಂದ ಕುಸಿಯತೊಡಗುತ್ತದೆ ಎಂಬುದನ್ನು ಬೆರಳಿಟ್ಟು ತೋರಿಸುತ್ತದೆ. ಆದರೆ ಇವೆರಡೂ ಅವನ ಅಂತಃಸಾಕ್ಷಿಗೆ ಮತ್ತು ಮಾನಕ್ಕೆ ತಟ್ಟುವ ಪೆಟ್ಟುಗಳು. ಕುರ್ಚಿಗೆ ಏನೂ ಆಗುವುದಿಲ್ಲ. ಮುಂದಿನ ಶುಕ್ರವಾರ ಅವನು ಮೊದಲ ಸಾಲಿನಲ್ಲೇ ನಿಲ್ಲುತ್ತಾನೆ. ಅವನು ಹೋದರೆ ಅಂಥವನೇ ಇನ್ನೊಬ್ಬ ಬರುತ್ತಾನೆ. ಶಾಪವೆಂಬುದು ರಿಜಿಸ್ಟರಿನಲ್ಲಿ ಹೆಸರಿಲ್ಲದವರ, ಸಭೆಯಲ್ಲಿ ಮತವಿಲ್ಲದವರ ಆಯುಧ. ಆ ಆಯುಧದ ಉರಿಯನ್ನು ಬಾನು ಚೆನ್ನಾಗಿ ಬಲ್ಲರು. ಅದರ ಮಿತಿಯ ಹತ್ತಿರ ಬಂದು ಕತೆ ನಿಂತುಬಿಡುತ್ತದೆ.

ಇದನ್ನು ಕತೆಗಾರ್ತಿಯ ದೋಷವೆನ್ನಲು ನಾವು ಹಿಂಜರಿಯುತ್ತೇವೆ. ಕತೆ ಬರೆದ ಕಾಲದಲ್ಲಿ ಇಲ್ಲದ ವ್ಯವಸ್ಥೆಯನ್ನು ಕತೆಯೊಳಗೆ ಕಟ್ಟಿ ತೋರಿಸಿದ್ದರೆ ಅದು ಸುಳ್ಳಾಗುತ್ತಿತ್ತು. ಆಶ್ರಫ್‌ಳಿಗೆ ಶಾಪವಲ್ಲದೆ ಬೇರೆ ದಾರಿ ಇರಲಿಲ್ಲ ಎಂಬುದು ಕತೆ ಹೇಳುವ ಸತ್ಯ. ಬೇರೆ ದಾರಿ ಮಾಡುವುದು ಓದಿದವರ ಕೆಲಸ. ನಾವು ಅದನ್ನು ಮಾಡದೆ, ಮನೆಯ ಮಾತನ್ನು ಬೀದಿಗೆ ತಂದರು ಎಂದು ಲೇಖಕಿಯ ಮೇಲೆ ಮುನಿಸಿಕೊಂಡೆವು. ಇನ್ನೊಂದು ಕಡೆ, ಈ ಕತೆಗಳನ್ನು ತೋರಿಸಿ ಮುಸ್ಲಿಮರೆಂದರೆ ಹೀಗೆಯೇ ಎಂದು ಚಪ್ಪಾಳೆ ತಟ್ಟುವವರೂ ಇದ್ದಾರೆ. ಅವರಿಗೆ ಆಶ್ರಫ್ ಬೇಕಾಗಿಲ್ಲ, ಅವಳ ಕಣ್ಣೀರಿನ ಪ್ರದರ್ಶನ ಬೇಕಾಗಿದೆ. ಅವರ ಚಪ್ಪಾಳೆಗೆ ಹೆದರಿ ನಾವು ಬಾಯಿ ಮುಚ್ಚಿಕೊಂಡರೆ ಲಾಭವಾಗುವುದು ಮುತವಲ್ಲಿಗೆ ಮಾತ್ರ.

ಈ ಮಾತಿಗೆ ಇಂದು ಇನ್ನಷ್ಟು ತುರ್ತಿದೆ. ದೇಶದಲ್ಲಿ ನೋಂದಣಿಯಾದ 4.9 ಲಕ್ಷ ವಕ್ಫ್ ಆಸ್ತಿಗಳಿಂದ ವರ್ಷಕ್ಕೆ ಬರುತ್ತಿದ್ದ ಆದಾಯ ಸುಮಾರು 163 ಕೋಟಿ ರೂಪಾಯಿ ಮಾತ್ರ ಎಂದೂ, ಸರಿಯಾಗಿ ನಿರ್ವಹಿಸಿದರೆ 12 ಸಾವಿರ ಕೋಟಿ ಬರಬಹುದಿತ್ತೆಂದೂ ಸಾಚಾರ್ ಸಮಿತಿ 2006ರಲ್ಲಿ ಅಂದಾಜು ಮಾಡಿತ್ತು. 2025ರಲ್ಲಿ ಕೇಂದ್ರ ಸರಕಾರ ವಕ್ಫ್ ಕಾಯಿದೆಗೆ ತಿದ್ದುಪಡಿ ತಂದಾಗ ನಮ್ಮ ಜನ ಬೀದಿಗಿಳಿದರು. ಸುಪ್ರೀಂ ಕೋರ್ಟ್ ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಅದರ ಕೆಲವು ಅಂಶಗಳಿಗೆ ಮಧ್ಯಂತರ ತಡೆ ಕೊಟ್ಟಿತು. ನಮ್ಮ ಹಿರಿಯರು ದೇವರ ಹೆಸರಿಗೆ ಬಿಟ್ಟ ಆಸ್ತಿಯ ಆಡಳಿತ ನಮ್ಮ ಕೈಯಲ್ಲಿರಬೇಕು ಎಂಬ ಬೇಡಿಕೆ ನ್ಯಾಯವಾದದ್ದು. ಆದರೆ ಆಶ್ರಫ್ ಕೇಳುತ್ತಿರುವುದೂ ಇದನ್ನೇ ಅಲ್ಲವೇ? ನೀವು ‘ನಮ್ಮದು’ ಎನ್ನುವ ಈ ಅಂಗಳದಲ್ಲಿ ನಾನೂ ಸೇರಿದ್ದೇನೆಯೇ ಎಂದು. ಸರಕಾರದ ಮುಂದೆ ಹಕ್ಕು ಕೇಳುವ ಜಮಾಅತ್ ತನ್ನ ಮುಂದೆ ಹಕ್ಕು ಕೇಳುವವಳನ್ನು ಕಾಯಿಸಿದರೆ ಅದರ ಬೇಡಿಕೆಗೆ ನೈತಿಕ ಬಲ ಎಲ್ಲಿಂದ ಬರಬೇಕು?

ಹಾಗಾದರೆ ಮಾಡಬೇಕಾದುದೇನು? ದೊಡ್ಡ ಕ್ರಾಂತಿಯನ್ನೇನೂ ನಾವು ಸೂಚಿಸುತ್ತಿಲ್ಲ. ಜಮಾಅತ್ ಕಚೇರಿಯಲ್ಲಿ ಬಾಡಿಗೆ ಪುಸ್ತಕದ ಪಕ್ಕದಲ್ಲಿ ದೂರುಗಳಿಗೂ ಒಂದು ಪುಸ್ತಕವಿರಲಿ. ದೂರು ಬಂದ ತಾರೀಖು, ಉತ್ತರ ಕೊಟ್ಟ ತಾರೀಖು ಎರಡನ್ನೂ ಅದರಲ್ಲಿ ಬರೆಯಲಿ. ಉತ್ತರಕ್ಕೊಂದು ಗಡುವಿರಲಿ. ಜಮಾಅತ್‌ನಿಂದ ತೀರದ ವ್ಯಾಜ್ಯವಾದರೆ ಆ ಹೆಂಗಸನ್ನು ಕೈಹಿಡಿದು ಕೋರ್ಟಿಗೆ, ಉಚಿತ ಕಾನೂನು ನೆರವಿನ ಕಚೇರಿಗೆ ಕರೆದೊಯ್ಯುವ ಹೊಣೆಯನ್ನು ಜಮಾಅತ್ ಹೊರಲಿ. ಕೇಳಿಸಿಕೊಳ್ಳುವವರ ಸಾಲಿನಲ್ಲಿ ಹೆಂಗಸರೂ ಕೂರಲಿ. ವರ್ಷದ ಮಹಾಸಭೆಯಲ್ಲಿ ಹಣದ ಲೆಕ್ಕ ಓದಿದ ಮೇಲೆ ಈ ಪುಸ್ತಕದ ಲೆಕ್ಕವನ್ನೂ, ಹೆಸರುಗಳನ್ನು ಬಿಟ್ಟು, ಓದಲಿ.

ಎಷ್ಟೋ ಮುತವಲ್ಲಿಗಳು ಪ್ರಾಮಾಣಿಕರು, ತಮ್ಮ ಅಂಗಡಿ ಮುಂಗಟ್ಟು ಬಿಟ್ಟು ಸಮುದಾಯದ ಕೆಲಸಕ್ಕೆ ಓಡಾಡುವವರು ಎಂಬುದನ್ನು ನಾವು ಬಲ್ಲೆವು. ಅವರು ಈ ಕತೆಯಿಂದ ನೊಂದುಕೊಳ್ಳಬೇಕಾಗಿಲ್ಲ. ಒಳ್ಳೆಯ ಅಮಾನತುದಾರ ಲೆಕ್ಕ ಕೇಳಿದವನ ಮೇಲೆ ಕೋಪಿಸಿಕೊಳ್ಳುವುದಿಲ್ಲ, ಪುಸ್ತಕ ತೆರೆದು ತೋರಿಸುತ್ತಾನೆ. ಬಾನು ಮುಷ್ತಾಕ್ ಅವರಿಗೆ ಶಾಲು ಹೊದಿಸಿದ ಎಲ್ಲ ಕಮಿಟಿಗಳೂ ಒಂದು ಸಂಜೆ ಇಶಾ ನಮಾಝಿನ ನಂತರ ಒಟ್ಟಿಗೆ ಕುಳಿತು ‘ಕರಿ ನಾಗರಗಳು’ ಕತೆಯನ್ನು ಗಟ್ಟಿಯಾಗಿ ಓದಿಸಲಿ. ಆ ಸಂಜೆ ಹೆಂಗಸರಿಗೂ ಅಲ್ಲಿ ಜಾಗವಿರಲಿ. ಓದು ಮುಗಿದ ಮೇಲೆ ಮೊದಲು ಮಾತಾಡುವವರು ಅವರೇ ಆಗಿರಲಿ.